ಒಂದು ತಪ್ಪಿಗೆ ಒಂದೇ ಏಟು

ಜೂನ್ 4

ಮೆಣಸಿನಕಾಯಿಗೆ,

ಅಕ್ಕ ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ತಲೆ ಕೆಟ್ಟಿದೆಯೇ ಎಂದು ನಗಬೇಡ. ಫೋನಿನಲ್ಲಿ ಬರೆದದ್ದು ಎಲ್ಲಿಂದ ಹೊರಟು ಎಲ್ಲಿ ಹೋಗಿ ಕೂರುತ್ತದೆ ಎಂಬುದು ಈ ವಾರ ನನಗೆ ಚೆನ್ನಾಗಿ ತಿಳಿಯಿತು. ಕಾಗದವನ್ನಾದರೆ ನೀನೊಬ್ಬಳೇ ಓದುತ್ತೀಯ. ಓದಿ ಒಲೆಗೆ ಹಾಕು.

ಹದಿನೈದನೇ ವಯಸ್ಸಿನಲ್ಲಿ ನೀನು ಇಂಟರ್ನೆಟ್ಟಿನ ನಿನ್ನ ಪುಟದಲ್ಲಿ ಒಂದು ಫೋಟೋ ಹಾಕಿದ್ದೆ, ನೆನಪಿದೆಯೇ? ನಿನ್ನ ಎಡಗೆನ್ನೆ, ಅದರ ಮೇಲೆ ಮೂಡಿದ ನನ್ನ ಐದು ಬೆರಳು. ಕೆಳಗೆ, 'ಇದು ನನ್ನ ಅಕ್ಕನ ಕೆಲಸ, ಜಗತ್ತಿಗೆಲ್ಲ ಗೊತ್ತಾಗಲಿ' ಎಂದು ಬರೆದು ನನ್ನ ಹೆಸರನ್ನೂ ಅಂಟಿಸಿದ್ದೆ. ಆಗ ಅದನ್ನು ನೋಡಿದವರು ನಿನ್ನ ತರಗತಿಯ ಹತ್ತು ಹುಡುಗಿಯರು. ಒಂಬತ್ತು ವರ್ಷದ ಮೇಲೆ ಈಗ ಅದು ನಮ್ಮ ಶಿಶುವಿಹಾರದ ತಾಯಂದಿರ ಗುಂಪಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಒಡಹುಟ್ಟಿದವಳಿಗೇ ಹೀಗೆ ಬಾರಿಸಿದವಳು ನಮ್ಮ ಕೂಸುಗಳಿಗೆ ಇನ್ನೇನು ಮಾಡುತ್ತಾಳೋ ಎಂದು ಕೇಳುತ್ತಿದ್ದಾರಂತೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ದೊಡ್ಡ ಮೇಡಂ ನನ್ನನ್ನು ಮಕ್ಕಳ ಮಲಗುವ ಕೋಣೆಯಿಂದ ತೆಗೆದು ಬಟ್ಟೆ ಮಡಿಸುವ ಕೋಣೆಗೆ ಹಾಕಿದ್ದಾರೆ. ಇಪ್ಪತ್ತೆಂಟನೇ ತಾರೀಖು ಸಮಿತಿ ಕೂತು ನನ್ನ ಕೆಲಸ ಇರಬೇಕೋ ಹೋಗಬೇಕೋ ಹೇಳುತ್ತದೆ. ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಸಿಳ್ಳೆ ಗೊತ್ತಲ್ಲ, ಸಿಳ್ಳೆ ಹಾಕಿಯೇ ಮಕ್ಕಳನ್ನು ಮಲಗಿಸುವವಳು, ಅವಳು ಮೂರು ದಿನದಿಂದ ನನಗಿಂತ ಹೆಚ್ಚು ಅಳುತ್ತಿದ್ದಾಳೆ. ನಿನ್ನೆ ಸಿಳ್ಳೆಯೇ ಬಲವಂತವಾಗಿ ಊಟ ಮಾಡಿಸಿದಳು. ಸಿಳ್ಳೆ ಇಲ್ಲದಿದ್ದರೆ ಈ ವಾರ ನಾನು ಏನಾಗುತ್ತಿದ್ದೆನೋ.

ನನ್ನದು ಎರಡೇ ಮಾತು. ಆ ಫೋಟೋ ತೆಗೆದುಹಾಕು. ಅಪ್ಪನಿಗೆ ಏನೂ ಹೇಳಬೇಡ.

ಅಕ್ಕ


ಜೂನ್ 9

ಅಕ್ಕ,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ, ಹಾಕುವುದೂ ಇಲ್ಲ. ಬರೆದದ್ದನ್ನು ಸುಡುವವರು ಎಂಥವರು ಎಂಬುದನ್ನು ನಾನು ಓದಿದ್ದೇನೆ. ಕಾಲೇಜಿನಲ್ಲಲ್ಲ, ನಿನಗೇ ಗೊತ್ತು, ಆ ಮೆಟ್ಟಿಲು ನಾನು ಹತ್ತಲಿಲ್ಲ. ಮುದ್ರಣಾಲಯದಲ್ಲಿ ಕರಪತ್ರ ಮಡಿಸುವ ಮೊದಲು ಪ್ರತಿಯೊಂದನ್ನೂ ಓದುತ್ತೇನೆ. ಅದಕ್ಕೇ ಸಂಜೆ ನೋಡಿದರೆ ನನ್ನ ಕಟ್ಟು ಎಲ್ಲರಿಗಿಂತ ಕುಳ್ಳಗಿರುತ್ತದೆ. ಯಜಮಾನರು, 'ನಿನಗೆ ಸಂಬಳ ಮಡಿಸೋದಕ್ಕೆ ಕೊಡ್ತೀನಿ, ಓದೋದಕ್ಕಲ್ಲ' ಎಂದು ಬೈಯುತ್ತಾರೆ. ಬೈಯಲಿ.

ಫೋಟೋ ತೆಗೆಯುವುದಿಲ್ಲ. ನೀನು ಹೊಡೆದದ್ದು ಸುಳ್ಳೇ? ಅಲ್ಲ. ನಡೆದದ್ದನ್ನು ಅಳಿಸುವುದೆಂದರೆ ಚರಿತ್ರೆಯನ್ನು ತಿದ್ದಿದ ಹಾಗೆ. ದೊಡ್ಡವರು ಚಿಕ್ಕವರಿಗೆ ಹೊಡೆಯುವುದು, ಆಮೇಲೆ ಮನೆಯ ಮಾನ ಎಂದು ಬಾಗಿಲು ಹಾಕಿಕೊಳ್ಳುವುದು, ಇದನ್ನೇ ಅಲ್ಲವೇ ಎಲ್ಲರೂ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು? ಸಮಿತಿಯ ಎದುರು ಎದ್ದು ನಿಂತು, ಹೌದು ಹೊಡೆದೆ, ತಪ್ಪಾಯಿತು ಎಂದು ಹೇಳಿಬಿಡು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ಅಜ್ಜಿ ಹೇಳುತ್ತಿದ್ದದ್ದು ಬರೀ ಬಾಯಿಮಾತಿಗೇ?

ಅಪ್ಪನನ್ನು ನೋಡು. ಬೀದಿ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು ಕೂತಿರುತ್ತಾನೆ. ಕೈ ನಡುಗಿದರೂ ಟ್ಯೂಬಿಗೆ ತೇಪೆ ಹಚ್ಚಿದರೆ ಮತ್ತೆ ಗಾಳಿ ಹೋಗುವುದಿಲ್ಲ. ಬೀದಿಯ ಮಕ್ಕಳೆಲ್ಲ 'ಪಂಕ್ಚರ್ ತಾತ' ಎಂದು ಸುತ್ತುವರಿದಿರುತ್ತವೆ. ಅವನು ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಅಮ್ಮ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡ ಗಂಡಸಿಗೆ ಇದ್ದ ತಾಳ್ಮೆ ನಿನಗೆ ಯಾಕಿರಲಿಲ್ಲ? ಸಣ್ಣಪುಟ್ಟದಕ್ಕೆಲ್ಲ ನಿನ್ನ ಕೈ ಮುಂದೆ. ನಾನು ಮರೆತಿಲ್ಲ. ನಿನಗೆ ಮಾತ್ರ ಉದ್ದ ತೋಳಿನ ಹೊಸ ಅಂಗಿಗಳು, ನನಗೆ ನೀನು ಬಿಟ್ಟ ಗಿಡ್ಡ ತೋಳಿನವು. ಅದನ್ನೂ ಮರೆತಿಲ್ಲ.

ಇನ್ನೊಂದು ಮಾತು. ನಿನ್ನ ಕಾಗದದಲ್ಲಿ ಅಪ್ಪ ಒಂದು ಸಲ ಬಂದಿದ್ದಾನೆ. ನಾನು ಹೇಗಿದ್ದೇನೆ ಎಂಬುದು ಒಂದು ಸಲವೂ ಇಲ್ಲ. ಸಿಳ್ಳೆ ಮಾತ್ರ ಸಾಲುಸಾಲಿಗೆ. ಅವಳು ಹಾಕಿರುವ ಫೋಟೋವನ್ನೂ ನೋಡಿದೆ. ನಿನ್ನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡು, ಕೆಳಗೆ 'ಒಡಹುಟ್ಟದೆ ಸಿಕ್ಕ ಅಕ್ಕ' ಎಂದು ಬರೆದಿದ್ದಾಳೆ. ಒಡಹುಟ್ಟಿದವರಿಗೇ ಸಿಗದ ಅಕ್ಕ ಎಂದು ಬರೆಯಬೇಕಿತ್ತು.

ನಿನ್ನ ತಂಗಿ (ಒಡಹುಟ್ಟಿದವಳು)


ಜೂನ್ 13

ಮೆಣಸಿನಕಾಯಿಗೆ,

ನೀನು ಹೇಗಿದ್ದೀಯ? ಕೇಳಿದ್ದೇನೆ, ಲೆಕ್ಕಕ್ಕೆ ತೆಗೆದುಕೋ.

ಬಟ್ಟೆ ಕೋಣೆಗೆ ಕಿಟಕಿಯಿಲ್ಲ. ಇಡೀ ದಿನ ಪುಟ್ಟ ಹಾಸಿಗೆಗಳ ಮೇಲುಹಾಸು, ಎದೆಬಟ್ಟೆ, ಚೌಕ, ಇವನ್ನು ಮಡಿಸುತ್ತೇನೆ. ಅಕ್ಕತಂಗಿಯರಿಬ್ಬರಿಗೂ ಮಡಿಸುವ ಹಣೆಬರಹವೇ ನೋಡು. ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೆ ಗೋಡೆಯಾಚೆಯಿಂದ ಸಿಳ್ಳೆಯ ಸಿಳ್ಳೆ ಕೇಳುತ್ತದೆ. ಒಂದು ಮಗುವಿದೆ, ನಾವು ಅದಕ್ಕೆ ಗುಂಡಿ ಎನ್ನುತ್ತೇವೆ. ಯಾರ ಅಂಗಿ ಸಿಕ್ಕಿದರೂ ಗುಂಡಿ ಹಿಡಿದುಕೊಂಡೇ ನಿದ್ದೆ ಹೋಗುತ್ತದೆ. ಎರಡು ವರ್ಷ ಅದು ನನ್ನ ಗುಂಡಿ ಹಿಡಿದು ಮಲಗಿತ್ತು. ಈಗ ಸಿಳ್ಳೆಯದನ್ನು ಹಿಡಿಯುತ್ತದಂತೆ. ಅವಳು ಸಂತೋಷದಿಂದ ಬಂದು ಹೇಳಿದಳು. ನಾನು ಒಳ್ಳೆಯದಾಯಿತು ಎಂದೆ. ಆಮೇಲೆ ಬೇಕೆಂದೇ ಅವಳ ಪಾಲಿನ ಬಿಸಿನೀರನ್ನೆಲ್ಲ ನಾನೇ ಸುರಿದುಕೊಂಡು ಸ್ನಾನ ಮಾಡಿದೆ. ಹೊಟ್ಟೆಕಿಚ್ಚು ನಿನ್ನೊಬ್ಬಳ ಆಸ್ತಿ ಎಂದುಕೊಳ್ಳಬೇಡ.

ಯಾಕೆ ಹೊಡೆದೆ ಎಂದು ಮೇಡಂ ಕೇಳಿದರು. ಸಿಟ್ಟು ಬಂದಿತ್ತು ಎಂದೆ. ನೀನು ಕೇಳಿದರೂ ಅದೇ ಉತ್ತರ.

ಫೋಟೋ ಇನ್ನೂ ಅಲ್ಲೇ ಇದೆ. ನಾನು ದಿನವೂ ನೋಡುತ್ತೇನೆ.

ಅಕ್ಕ


ಜೂನ್ 16

ಅಕ್ಕ,

ನನಗೆ ಎಲ್ಲ ಅರ್ಥವಾಯಿತು. ಒಂದು ಕೇಡು ನಡೆದರೆ ಮೊದಲು ಕೇಳಬೇಕಾದ ಪ್ರಶ್ನೆ, ಇದರಿಂದ ಯಾರಿಗೆ ಲಾಭ? ಹೋದ ತಿಂಗಳು ಮಡಿಸಿದ ಒಂದು ಕರಪತ್ರದ ಮೊದಲ ಸಾಲೇ ಇದು. ಈಗ ನೀನೇ ಹೇಳು. ನಿನ್ನನ್ನು ಬಟ್ಟೆ ಕೋಣೆಗೆ ತಳ್ಳಿದ ಮೇಲೆ ಮಲಗುವ ಕೋಣೆ ಯಾರಿಗೆ ಸಿಕ್ಕಿತು? ಆ ಗುಂಡಿ ಯಾರಿಗೆ ಸಿಕ್ಕಿತು? ನಿನ್ನ ಪಕ್ಕದ ಮಂಚದಲ್ಲಿ ಮಲಗಿ, ನಿನ್ನ ಕಣ್ಣೊರೆಸಿ, ನಿನ್ನ ಜಾಗದಲ್ಲಿ ಕೂತವಳು ಯಾರು? ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡರೆ ಜಗತ್ತೂ ಕಣ್ಣು ಮುಚ್ಚಿಕೊಳ್ಳುತ್ತದೆಯೇ? ನನ್ನ ಹಳೆಯ ಪುಟವನ್ನು ಕೆದಕಿ ಆ ತಾಯಂದಿರ ಕೈಗೆ ಕೊಟ್ಟವಳು ಅವಳೇ. ಇದನ್ನು ಬರೆದುಕೊಡುತ್ತೇನೆ.

ಬರೆದೂ ಆಯಿತು. 'ಶಿಶುವಿಹಾರದ ತಾಯಂದಿರಿಗೆ ಒಂದು ಬಹಿರಂಗ ಪತ್ರ'. ಎರಡು ಪುಟ. ನಾನೇ ಆ ಹುಡುಗಿ, ಏಟು ತಿಂದವಳು ನಾನು, ಕ್ಷಮಿಸುವ ಹಕ್ಕೂ ನನ್ನದೇ, ನಿಮ್ಮ ನಡುವೆ ಇರುವ ದ್ರೋಹಿಯನ್ನು ಗುರುತಿಸಿ ಎಂದು ಅವಳ ಹೆಸರು ಹಾಕಿಯೇ ಬರೆದಿದ್ದೇನೆ. ಯಂತ್ರ ನಿಲ್ಲಿಸುವ ಮುಂಚೆ ಇನ್ನೂರು ಪ್ರತಿ ಎತ್ತಿಕೊಡು ಎಂದು ಯಂತ್ರದವನಿಗೆ ಹೇಳಿದ್ದೇನೆ. ಇಪ್ಪತ್ತೆಂಟಕ್ಕೆ ನಾನೇ ಬಂದು ನಿಮ್ಮ ಗೇಟಿನಲ್ಲಿ ಹಂಚುತ್ತೇನೆ.

ನಿನ್ನ ಪರವಾಗಿ ನಿಲ್ಲುವವರು ಯಾರು, ಬೆನ್ನಿಗೆ ಇರಿಯುವವರು ಯಾರು ಎಂದು ಆವತ್ತು ಗೊತ್ತಾಗಲಿ.

ತಂಗಿ


ಜೂನ್ 19

ಬರಬೇಡ. ಹಂಚಬೇಡ.

ನಾನು ಇದನ್ನು ಬರೆಯಬಾರದೆಂದಿದ್ದೆ. ಮೇ ತಿಂಗಳಲ್ಲಿ ಸಿಳ್ಳೆಯ ಆ ಫೋಟೋದ ಕೆಳಗೆ ಯಾರೋ, 'ಈ ಅಕ್ಕನಿಗೆ ಸ್ವಂತ ತಂಗಿ ಒಬ್ಬಳಿದ್ದಾಳೆ, ಬದುಕಿದ್ದಾಳೆ' ಎಂದು ಬರೆದಿದ್ದರು. ಅದು ಯಾರು ಎಂದು ನಿನ್ನನ್ನು ಕೇಳುವುದಿಲ್ಲ. ಸಿಳ್ಳೆಯ ಪುಟವನ್ನು ನಮ್ಮ ತಾಯಂದಿರು ಅರ್ಧದಷ್ಟು ಜನ ನೋಡುತ್ತಾರೆ, ಮಕ್ಕಳ ಚಿತ್ರ ಇರುತ್ತವಲ್ಲ. ಯಾರಿವಳು ತಂಗಿ ಎಂದು ಒಬ್ಬ ತಾಯಿ ಆ ಹೆಸರನ್ನು ಒತ್ತಿದಳು. ನಿನ್ನ ಪುಟ ತೆರೆಯಿತು. ಕೆಳಗೆ ಕೆಳಗೆ ಹೋದಳು. ಕೆನ್ನೆ ಸಿಕ್ಕಿತು.

ಸಿಳ್ಳೆ ಆ ಸಾಲನ್ನು ಅದೇ ದಿನ ಅಳಿಸಿದ್ದಳು. ಯಾರು ಬರೆದದ್ದು ಎಂದು ಅವಳಾಗಿಯೇ ನನಗೆ ಯಾವತ್ತೂ ಹೇಳಲಿಲ್ಲ. ನನಗೆ ಹೇಳಿದ್ದು ಮೇಡಂ. ರಾತ್ರಿ ಸಿಳ್ಳೆಯನ್ನು ಕೇಳಿದೆ. 'ಅವಳು ನಿಮ್ಮನ್ನ ಅಷ್ಟು ಹಚ್ಕೊಂಡಿದಾಳೆ ಅಂತ ಓದಿ ನನಗೆ ಖುಷಿಯಾಗಿತ್ತು ಅಕ್ಕ' ಎಂದಳು. ಅಷ್ಟೇ.

ನೀನು ದ್ರೋಹಿ ಎಂದು ಅಚ್ಚು ಹಾಕಿಸಿದ್ದು ಇವಳನ್ನು.


ಜೂನ್ 23

ಅಕ್ಕ,

ನಿನ್ನ ಕಾಗದಕ್ಕೆ ಮೇಲೆ ಹೆಸರಿರಲಿಲ್ಲ, ಕೆಳಗೂ ಇರಲಿಲ್ಲ. ಮೆಣಸಿನಕಾಯಿ ಎಂದಾದರೂ ಬೈಯಬಹುದಿತ್ತು.

ಆ ಸಾಲು ನನ್ನದೇ. ಆದರೆ ನಿನ್ನ ಕಾಗದ ಓದಿದ ಕ್ಷಣ ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಹತ್ತು ಸಾಲಿನ ಕಾಗದದಲ್ಲೂ ಅವಳೇ ಒಳ್ಳೆಯವಳಾಗಿ ಗೆದ್ದುಬಿಟ್ಟಳಲ್ಲ ಎಂದು. ಆ ಸಿಟ್ಟಿನಲ್ಲಿ ನಿನ್ನ ಮಾತು ಮೀರಿದೆ. ಎಲ್ಲ ಕಾಗದ ಹಿಡಿದುಕೊಂಡು ಅಪ್ಪನ ಹತ್ತಿರ ಹೋಗಿ, ನಿನ್ನ ದೊಡ್ಡ ಮಗಳ ನ್ಯಾಯ ನೋಡು, ಹೊಡೆದವಳು ಅವಳು, ತಪ್ಪು ನನ್ನದು ಎಂದು ಓದಿ ಹೇಳಿದೆ. ಅವನು ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದ. ತಲೆ ಎತ್ತದೆಯೇ, ಯಾವತ್ತಿನ ಏಟು ಎಂದು ಕೇಳಿದ. ಫೋಟೋ ತೋರಿಸಿದೆ. ಮನೆ ಮಾಲೀಕನ ಗೋಡೆಯ ಮೇಲೆ ನಾನು 'ಬಾಡಿಗೆ ಎಂದರೆ ಸುಲಿಗೆ' ಎಂದು ಕೆಂಪು ಬಣ್ಣದಲ್ಲಿ ಬರೆದ ದಿನ ಅದು. ಮಾಲೀಕ ಬೀದಿಯಲ್ಲೇ ನಿಂತು ಅಪ್ಪನ ಮಾನ ಹರಾಜು ಹಾಕಿದ್ದ.

ಗುಳ್ಳೆ ಏಳುತ್ತಲೇ ಇದ್ದವು, ಅಪ್ಪ ಗುರುತು ಹಾಕಲಿಲ್ಲ.

'ಆವತ್ತು ನನ್ನ ಕೈಯಲ್ಲಿ ಬೆಲ್ಟ್ ಇತ್ತು' ಎಂದ. 'ನಿನಗಂತಲೇ ಮೆಟ್ಟಿಲು ಹತ್ತುತಾ ಇದ್ದೆ. ನಿಮ್ಮಕ್ಕ ಓಡಿಬಂದು ನನ್ನ ಪಕ್ಕದಲ್ಲೇ ನುಗ್ಗಿ ಮೇಲೆ ಹೋದಳು. ನಾನು ಬಾಗಿಲಿಗೆ ಬರೋ ಹೊತ್ತಿಗೆ ನಿನ್ನ ಕೆನ್ನೆಗೆ ಬಿದ್ದಿತ್ತು.'

ಅಕ್ಕ, ಅಜ್ಜಿಯ ಕಟ್ಟಳೆ ನಿನಗೆ ನೆನಪಿದೆಯೇ ಎಂದು ನಾನು ಕೇಳುವುದೇ ಹುಚ್ಚುತನ. ಈ ಮನೆಯಲ್ಲಿ ಒಂದು ತಪ್ಪಿಗೆ ಒಂದೇ ಏಟು, ಯಾರು ಮೊದಲು ಹೊಡೆದರೋ ಅಲ್ಲಿಗೆ ಮುಗಿಯಿತು, ಇನ್ನೊಬ್ಬರು ಮುಟ್ಟಬಾರದು. ಅಪ್ಪ ಅಜ್ಜಿಯ ಆ ಒಂದು ಮಾತನ್ನು ಮಾತ್ರ ಯಾವತ್ತೂ ದಾಟಿದವನಲ್ಲ. ಆವತ್ತೂ ಅಜ್ಜಿ ಅಡುಗೆಮನೆಯಿಂದಲೇ, 'ಆಯಿತಲ್ಲ, ಬಿತ್ತಲ್ಲ, ಇನ್ನು ಕೈಕಾಲು ತೊಳೆದುಕೊಂಡು ಊಟಕ್ಕೆ ಬನ್ನಿ' ಎಂದದ್ದು ನನ್ನ ಕಿವಿಯಲ್ಲಿದೆ. ಅದನ್ನು ನಾನು ಇಷ್ಟು ವರ್ಷ ಅಜ್ಜಿಯ ನಿರ್ದಯ ಎಂದುಕೊಂಡಿದ್ದೆ.

ಹಾಗಾದರೆ ಉಳಿದ ಸಲಗಳು? ಎಂದು ಕೇಳಿದೆ. ಲೋಟ ಒಡೆದಾಗ, ಶಾಲೆ ತಪ್ಪಿಸಿದಾಗ?

'ಅವಳು ಯಾವಾಗಲೂ ನನಗಿಂತ ನಾಲ್ಕು ಮೆಟ್ಟಿಲು ಮುಂದೆ' ಎಂದ. ಆಮೇಲೆ ಟ್ಯೂಬನ್ನು ನೀರಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಇನ್ನೊಂದು ಮಾತು ಹೇಳಿದ. 'ಅವಳ ತಪ್ಪಿಗೆ ಮುಂದೆ ಓಡೋರು ಯಾರೂ ಇರಲಿಲ್ಲ. ಅಜ್ಜಿಗೆ ಮಂಡಿನೋವು.'

ಉದ್ದ ತೋಳಿನ ಅಂಗಿಗಳು, ಅಕ್ಕ. ಸುಡುವ ಬಿಸಿಲಿನಲ್ಲೂ ಮಣಿಕಟ್ಟಿನ ತನಕ ಗುಂಡಿ ಹಾಕಿಕೊಂಡು ತಿರುಗುತ್ತಿದ್ದೆಯಲ್ಲ, ಭಾರಿ ಸಿಂಗಾರ ಎಂದು ನಾನು ಅಣಕಿಸುತ್ತಿದ್ದೆ. ನನಗೂ ಹಾಗೇ ಬೇಕು ಎಂದು ಅತ್ತು ಎರಡು ದಿನ ಊಟ ಬಿಟ್ಟಿದ್ದೆ. ಅಜ್ಜಿ, 'ನಿನಗೆ ಅದು ಬೇಡವೇ ಬೇಡ ಕೂಸೇ' ಎಂದಿದ್ದಳು. ಅಕ್ಕನ ಕಡೆಗೇ ಪಕ್ಷಪಾತ ಎಂದು ಅದಕ್ಕೂ ಹೊಟ್ಟೆ ಉರಿಸಿಕೊಂಡಿದ್ದೆ.

ಅಪ್ಪನನ್ನು ಅಲ್ಲೇ ಬಿಟ್ಟು ಎದ್ದೆ. ಒಳಗೆ ಹೋಗಿ ಎಲ್ಲವನ್ನೂ ಫೋನಿನಲ್ಲಿ ಬರೆದೆ. ಬೆಲ್ಟು, ಮೆಟ್ಟಿಲು, ತೋಳು, ಎಲ್ಲ. ಅವನ ಹೆಸರು ಹಾಕಿ ಬರೆದೆ. ಹೊರಗೆ ಬಂದು ಅವನ ಮುಖಕ್ಕೇ ಹಿಡಿದೆ. ಅವನು ಕನ್ನಡಕ ಹುಡುಕಿ ಹಾಕಿಕೊಂಡು ನಿಧಾನವಾಗಿ ಓದಿದ. 'ಹಾಕು' ಎಂದ. 'ಇರೋದನ್ನೇ ಬರೆದಿದೀಯ. ನಾಳೆಯಿಂದ ಈ ಮಕ್ಕಳು ಸೈಕಲ್ ಬೇರೆ ಕಡೆ ತಳ್ಕೊಂಡು ಹೋಗ್ತವೆ, ಅಷ್ಟೇ ತಾನೆ.'

ಅವನು ಬೇಡ ಎಂದಿದ್ದರೆ ಹಾಕಿಬಿಡುತ್ತಿದ್ದೆ. ಹಾಕು ಎಂದದ್ದರಿಂದ ಹೆಬ್ಬೆರಳು ಏಳಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಹುಡುಗಿ ಬಂದು ತಾತ, ಬ್ರೇಕ್ ಹಿಡೀತಿಲ್ಲ ಎಂದಳು. ಅವನು ನನ್ನ ಫೋನ್ ನನ್ನ ಕೈಗೆ ಕೊಟ್ಟು ಬಗ್ಗಿ ಕೂತ.

ಇದು ಸತ್ಯ. ನಿನ್ನ ಕೆಲಸ ಉಳಿಸುವ ಸತ್ಯ. ಸತ್ಯವನ್ನು ಮುಚ್ಚಿಡುವವರೆಂದರೆ ನನಗೆ ಹೇಸಿಗೆ, ನಿನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ, ಬರೆದದ್ದನ್ನು ಹಾಕುವ ಮೊದಲು ಯಾರನ್ನಾದರೂ ಕೇಳುತ್ತಿರುವುದು ನನ್ನ ಜೀವಮಾನದಲ್ಲಿ ಇದೇ ಮೊದಲು. ಹಾಕಲೇ?

ನಿನ್ನ ಮೆಣಸಿನಕಾಯಿ


ಜೂನ್ 30

ಮೆಣಸಿನಕಾಯಿಗೆ,

ನಿನ್ನ ಕಾಗದ ನನ್ನ ಕೈಗೆ ಬಂದದ್ದು ಇಪ್ಪತ್ತೆಂಟರ ಸಂಜೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪ ಬಂದಿದ್ದರು. ನೀನು ಕಳಿಸಿದೆಯಾ?

ಸಮಿತಿ ಕೂರುವ ಹೊತ್ತಿಗೆ ನಾನು ಬಟ್ಟೆ ಕೋಣೆಯಿಂದ ಹೊರಗೆ ಬಂದರೆ ಗೇಟಿನ ಹತ್ತಿರ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಉಗುರಿನಲ್ಲಿ ಗ್ರೀಸ್. ನನ್ನನ್ನು ನೋಡಿದರೂ ನನ್ನ ಹತ್ತಿರ ಬರಲಿಲ್ಲ. ದೊಡ್ಡ ಮೇಡಂ ಹತ್ತಿರ ಹೋಗಿ, ನಾನು ಆ ಇಬ್ಬರು ಹುಡುಗಿಯರ ತಂದೆ, ಒಂದು ಮಾತಿದೆ, ಬಾಗಿಲು ಹಾಕಿಕೊಂಡು ಕೇಳಬೇಕು ಎಂದರಂತೆ. ಒಳಗೆ ಮೇಡಂ, ಸಮಿತಿಯ ಇಬ್ಬರು, ತಾಯಂದಿರ ಪರವಾಗಿ ಒಬ್ಬಳು. ನನ್ನನ್ನು ಒಳಗೆ ಬಿಡಲಿಲ್ಲ. ಅಪ್ಪನೇ ಬೇಡ ಎಂದರಂತೆ. ಬಾಗಿಲಾಚೆ ಕೂತು ನಾನು ಪುಟ್ಟ ಕುರ್ಚಿಯೊಂದರ ಕಾಲಿನ ಬಣ್ಣ ಕೀಳುತ್ತಿದ್ದೆ.

ಏನು ಹೇಳಿದರೋ ನನಗೆ ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ. ನಿನ್ನ ಕಾಗದ ಓದಿದ ಮೇಲೆ ಕೇಳುವ ಅಗತ್ಯವೂ ಇಲ್ಲ. ತಾಯಂದಿರ ಪರವಾಗಿ ಬಂದವಳು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು.

ಅಪ್ಪ ಹೊರಗೆ ಬಂದಾಗ ಸಿಳ್ಳೆ ಟೀ ತಂದುಕೊಟ್ಟು, 'ಅಪ್ಪಾ, ಸಕ್ಕರೆ ಸಾಕಾ?' ಎಂದಳು. ಸಾಕು ಮಗಳೇ ಎಂದರು. ನನ್ನನ್ನು ನೋಡಿದರು, ಮುಖವನ್ನಲ್ಲ, ಕೈಯನ್ನು. 'ಈಗ ಗಿಡ್ಡ ತೋಳು ಹಾಕ್ತೀಯ' ಎಂದರು. ಹೂಂ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಕೆಲಸ ಉಳಿದಿದೆ. ಆದರೆ ಇಬ್ಬರು ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದಾರೆ, ಅದರಲ್ಲಿ ಗುಂಡಿಯೂ ಒಂದು. ಫೋಟೋ ಇನ್ನೂ ಯಾರ ಯಾರ ಫೋನಿನಲ್ಲೋ ಇರುತ್ತದೆ. ಮೇಡಂ ಮಲಗುವ ಕೋಣೆಗೆ ಹೋಗು ಎಂದಿದ್ದಾರೆ, ಬಾಗಿಲು ತೆರೆದಿಟ್ಟಿರಬೇಕಂತೆ. ಇಟ್ಟಿರುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ. ಆ ಮಾತು ಅಪ್ಪನದು. ಎಲ್ಲಿ ಹೇಳಬೇಕೋ ಅಲ್ಲಿ, ಅವರೇ ಹೇಳಿದರು. ನೀನು ಹಾಕುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ.

ಅವರಿಗೆ ಊಟ ಹಾಕು. ಜಗಳ ಆಡಬೇಡ.

ಅಕ್ಕ


ಜುಲೈ 4

ಅಕ್ಕ,

ನಾನು ಕಳಿಸಲಿಲ್ಲ. ಟ್ಯೂಬು, ಟೈರು ತರುವುದಕ್ಕೆ ದೊಡ್ಡ ಮಾರುಕಟ್ಟೆಗೆ ಹೋಗುತ್ತೇನೆ ಎಂದು ಹೇಳಿ ಹೋದವನು ಬರಿಗೈಯಲ್ಲಿ ಬಂದ. ಟ್ಯೂಬು ಎಲ್ಲಿ ಎಂದರೆ, ಸಿಗಲಿಲ್ಲ ಎಂದ. ಇಸ್ತ್ರಿ ಅಂಗಿ ಹಾಕಿಕೊಂಡು ಯಾರಾದರೂ ಟ್ಯೂಬು ತರಲು ಹೋಗುತ್ತಾರೆಯೇ ಎಂದು ನಾನಾದರೂ ಯೋಚಿಸಬೇಕಿತ್ತು. ನಾವು ಜಗಳ ಆಡುತ್ತಿಲ್ಲ. ಮಾತೂ ಆಡುತ್ತಿಲ್ಲ. ಅವನು ತೇಪೆ ಹಚ್ಚುವಾಗ ನಾನು ಟ್ಯೂಬಿನ ಇನ್ನೊಂದು ತುದಿ ಹಿಡಿದುಕೊಳ್ಳುತ್ತೇನೆ. ಕ್ಷಮಿಸಿದ್ದೇನೆ ಎಂದಲ್ಲ. ಅದು ನನ್ನ ಕೈಯಲ್ಲಿರುವ ವಿಷಯವೂ ಅಲ್ಲ. ಅವನ ಕೈ ನಡುಗುತ್ತದೆ, ಅಷ್ಟೇ.

ಬಹಿರಂಗ ಪತ್ರದ ಇನ್ನೂರು ಪ್ರತಿಗಳನ್ನು ನಾನೇ ಕತ್ತರಿಸುವ ಯಂತ್ರಕ್ಕೆ ಕೊಟ್ಟೆ. ಯಜಮಾನರು ಕಾಗದ ಹಾಳು ಎಂದು ಕೂಗಾಡಿದರು. ಸಿಳ್ಳೆಯ ಹೆಸರಿದ್ದ ಪುಟ ತುಂಡಾಗುವಾಗ ಒಂದು ಕ್ಷಣ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಫೋಟೋ ತೆಗೆದುಹಾಕಿದೆ. ಚರಿತ್ರೆ, ಗಿರಿತ್ರೆ ಎಂದು ಏನೇನೋ ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ಫೋಟೋದ ಕೆಳಗೆ ಮಾರನೇ ದಿನ ನೀನು ಒಂದು ಸಾಲು ಬರೆದಿದ್ದೆ. 'ಉರಿ ಕಡಿಮೆಯಾಯಿತಾ ಪುಟ್ಟಾ? ಬೆಣ್ಣೆ ಹಚ್ಚಿಕೋ.' ಜಗತ್ತಿನ ಎದುರು ನೀನು ನನಗೆ ಬರೆದದ್ದು ಅದೊಂದೇ. ಫೋಟೋ ಹೋದರೆ ಅದೂ ಹೋಗುತ್ತಿತ್ತು. ಅದಕ್ಕೇ ಒಂಬತ್ತು ವರ್ಷ ಇಟ್ಟುಕೊಂಡಿದ್ದೆ. ಈಗ ಆ ಸಾಲನ್ನು ಕೈಯಲ್ಲಿ ಬರೆದುಕೊಂಡು ಆಮೇಲೆ ಅಳಿಸಿದೆ. ನನ್ನ ಅಕ್ಷರದಲ್ಲಿ ಅದು ನಿನ್ನ ಮಾತಿನ ಹಾಗೆ ಕಾಣುತ್ತಿಲ್ಲ. ಮುಂದಿನ ಕಾಗದದಲ್ಲಿ ಒಂದು ಸಲ ನೀನೇ ಬರೆದು ಕಳಿಸು.

ಸಿಳ್ಳೆಗೆ ನನ್ನ ನಮಸ್ಕಾರ ಹೇಳು. ತಪ್ಪಾಯಿತು ಎಂದೂ ಹೇಳು. ಆದರೆ ಅಪ್ಪನನ್ನು ಅವಳು ಅಪ್ಪಾ ಎಂದಳು, ಇವನು ಮಗಳೇ ಎಂದ ಎಂದು ಬರೆದಿದ್ದೀಯಲ್ಲ, ಅದು ಸ್ವಲ್ಪ ಅತಿಯಾಯಿತು. ಒಬ್ಬಳಿಗೆ ಎಷ್ಟು ಅಂತ ಬಿಟ್ಟುಕೊಡುವುದು.

ಕೊನೆಯದಾಗಿ ಒಂದು ಪ್ರಶ್ನೆ. ಹೊಡೆತ ಪ್ರೀತಿಯಲ್ಲ ಎಂದು ಸಾವಿರ ಕರಪತ್ರ ಮಡಿಸಿದ ಕೈಯಿಂದಲೇ ಬರೆಯುತ್ತಿದ್ದೇನೆ, ನಗಬೇಡ. ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದೀರಲ್ಲ, ಯಾವತ್ತಾದರೂ, ಯಾವುದಕ್ಕಾದರೂ, ಅವಳಿಗೆ ಒಂದು ಏಟು ಕೊಟ್ಟಿದ್ದೀಯಾ?

ಇಲ್ಲ ಎಂದು ಬರೆ.

ಮೆಣಸಿನಕಾಯಿ